ಅಡಿಕೆ ಸುಲಿತದ ತಿಂಗಳಲ್ಲೇ ಕಾದಂಬರಿ ಹೊರಬಂದದ್ದು: ನನ್ನ ಅನುಭವ

ಅಡಿಕೆ ಕೊನೆ (ಗೊನೆ) ಕೊಯ್ಲು, ಮಗಳ ಬಾಣಂತನ, ಪುಸ್ತಕದ ಅಚ್ಚು ಮೂರನ್ನೂ ಒಂದೇ ತಿಂಗಳಿನಲ್ಲಿ ಹಿಡಿದರೆ ಮೂರೂ ಕೆಡುತ್ತವೆ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅವರಲ್ಲಿ ನನಗಿಂತ ಹೆಚ್ಚು ಪುಸ್ತಕ ತಂದ ಲೇಖಕಿಯರಿದ್ದರು, ಮುದ್ರಣದ ಒಳಹೊರಗು ಬಲ್ಲವರಿದ್ದರು. 2023ರ ಡಿಸೆಂಬರಿನ ನಡುವಿನಿಂದ 2024ರ ಸಂಕ್ರಾಂತಿಯ ಆಸುಪಾಸಿನವರೆಗಿನ ಅವಧಿಯಲ್ಲಿ ನನ್ನ ಮೂರನೆಯ ಕಾದಂಬರಿ ಶಿರಸಿ ಸೀಮೆಯ ನಮ್ಮ ಮನೆಯಲ್ಲಿಯೇ ಕಡೆಯ ತಿದ್ದುಪಡಿ ಕಂಡು, ಹುಬ್ಬಳ್ಳಿಯಲ್ಲಿ ಅಚ್ಚಾಗಿ, ಓದುಗರ ಕೈ ಸೇರಿ, ಹಾಕಿದ ಹಣವನ್ನು ಹಿಂದಕ್ಕೆ ತಂದಿತು. ಹೇಗೆ ಮಾಡಿದೆ ಎಂದು ಕೇಳುವವರು ಈಗ ಹೆಚ್ಚಾಗಿರುವುದರಿಂದ ಒಮ್ಮೆ ಬರೆದಿಡುತ್ತಿದ್ದೇನೆ. ಡಿಟಿಪಿ, ಕರಡು, ಫಾರಂ ಎಂದರೇನೆಂದು ಬಲ್ಲವರಿಗಾಗಿ ಇದನ್ನು ಬರೆಯುತ್ತಿದ್ದೇನೆ; ಉಳಿದವರಿಗೆ ಇಷ್ಟು ಸಾಕು: ಡಿಟಿಪಿ ಎಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು, ಕರಡು ಎಂದರೆ ಅಚ್ಚಿಗೆ ಮೊದಲು ತಿದ್ದಲು ತೆಗೆಯುವ ಪ್ರತಿ, ಫಾರಂ ಎಂದರೆ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟ. ಅಂಕಿಗಳು ನೆನಪಿನಿಂದ ಬಂದವು, ಅಲ್ಲಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇರಬಹುದು.

ಹಿಂದಿನ ಎರಡು ಪುಸ್ತಕಗಳ ಹಣದ ಕಥೆಯನ್ನು ಮೊದಲು ಹೇಳಬೇಕು. ಮೊದಲನೆಯದನ್ನು ಪ್ರಕಾಶಕರೊಬ್ಬರಿಗೆ ಕೊಟ್ಟಿದ್ದೆ. ಗೌರವಧನದ ಬದಲಿಗೆ ಐವತ್ತು ಪ್ರತಿಗಳು ಬಂದವು; ಅಚ್ಚಾದದ್ದೆಷ್ಟು, ಮಾರಾಟವಾದದ್ದೆಷ್ಟು ಎಂಬುದನ್ನು ಇಂದಿಗೂ ನನಗೆ ಯಾರೂ ತಿಳಿಸಿಲ್ಲ. ಎರಡನೆಯದನ್ನು ನಾನೇ ಪ್ರಕಟಿಸಿದೆ. ಸಾವಿರ ಪ್ರತಿ ಹಾಕಿಸಿದರೆ ಒಂದರ ಖರ್ಚು ಇಳಿಯುತ್ತದೆ ಎಂಬುದು ಎಲ್ಲರೂ ಹೇಳುವ ಲೆಕ್ಕ, ಆದರೆ ಅದು ಮುದ್ರಣಾಲಯದ ಬಾಗಿಲಿನವರೆಗೆ ಮಾತ್ರ ನಿಜ. ಮಲೆನಾಡಿನ ಮನೆಯ ಅಟ್ಟದಲ್ಲಿ ಆರೇಳು ನೂರು ಪುಸ್ತಕಗಳು ಒಂದು ಮಳೆಗಾಲ ಕಳೆದರೆ ಏನಾಗುತ್ತದೆ ಎಂಬುದು ಆ ಲೆಕ್ಕದಲ್ಲಿ ಸೇರಿರುವುದಿಲ್ಲ. ಒಲೆಯ ಹೊಗೆ ತಾಗುವ ಕಡೆ ಇಟ್ಟ ಕಟ್ಟುಗಳು ಹಳದಿಗಟ್ಟಿದವು, ಹೊಗೆ ತಾಗದ ಕಡೆ ಇಟ್ಟವು ಬೂಷ್ಟು ಹಿಡಿದವು. ಸುಮಾರು ಮೂವತ್ತು ಸಾವಿರ ರೂಪಾಯಿಯ ಸರಕು ಹಾಗೆಯೇ ಹೋಯಿತು. ಶೇಕಡಾ 40ರ ರಿಯಾಯಿತಿಯಲ್ಲಿ ಅಂಗಡಿಗಳಿಗೆ ಕಳುಹಿಸಿದ ಪ್ರತಿಗಳಲ್ಲಿ ಅರ್ಧದಷ್ಟರ ಹಣ ಬರಲೇ ಇಲ್ಲ. ಆದ್ದರಿಂದ ಮೂರನೆಯದಕ್ಕೆ ಎರಡು ನಿರ್ಧಾರಗಳನ್ನು ಮೊದಲೇ ಮಾಡಿಕೊಂಡೆ: ಐನೂರಕ್ಕಿಂತ ಒಂದು ಪ್ರತಿಯೂ ಹೆಚ್ಚು ಬೇಡ, ಮತ್ತು ಅರ್ಧ ಹಣ ಕೈಗೆ ಬರುವ ಮೊದಲು ಅಚ್ಚಿನ ಪ್ಲೇಟ್ ಮಾಡಿಸುವುದು ಬೇಡ.

ಇನ್ನು ಈ ತಿಂಗಳೇ ಏಕೆ ಎಂಬ ಪ್ರಶ್ನೆ. ಹಸ್ತಪ್ರತಿ ಶ್ರಾವಣದ ಹೊತ್ತಿಗೇ ಮುಗಿದಿತ್ತು. ಅಡಿಕೆ ಸೀಸನ್ ಮುಗಿಯಲಿ, ಬಾಣಂತನ ಕಳೆಯಲಿ, ಆಮೇಲೆ ನಿಶ್ಚಿಂತೆಯಿಂದ ಕುಳಿತು ಮಾಡು ಎಂದು ಗೆಳತಿಯರು ಹೇಳುತ್ತಿದ್ದರು. ತೋಟದ ಮನೆಯಲ್ಲಿ ಅಂಥ ನಿಶ್ಚಿಂತೆಯ ತಿಂಗಳು ಬರುವುದಿಲ್ಲ. ಅಡಿಕೆ ಮುಗಿದರೆ ಮದುವೆ ಮುಂಜಿಗಳು, ಅವು ಮುಗಿದರೆ ಮಳೆಗಾಲದ ಸಿದ್ಧತೆ. ಅದಕ್ಕಿಂತ ಮುಖ್ಯವಾಗಿ, ನನಗೆ ಬೇಕಾಗಿದ್ದ ಓದುಗರು ಆ ಒಂದು ತಿಂಗಳು ಮಾತ್ರ ಪ್ರತಿ ರಾತ್ರಿ ನಮ್ಮ ಅಂಗಳದಲ್ಲಿಯೇ ಇರುತ್ತಾರೆ.

ಸುಲಿತ ರಾತ್ರಿ ಏಳರ ಸುಮಾರಿಗೆ ಶುರುವಾಗಿ ಹತ್ತೂವರೆಯವರೆಗೆ ನಡೆಯುತ್ತದೆ. ಎಂಟು ಹತ್ತು ಮಂದಿ ಮೆಟ್ಟುಗತ್ತಿಯ (ಕಾಲಿನಿಂದ ಮೆಟ್ಟಿ ಹಿಡಿಯುವ ಕತ್ತಿ) ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಾರೆ. ಕೈಗೆ ಕೆಲಸವಿದೆ, ಕಿವಿಗಿಲ್ಲ. ಮೈದುನನ ಮಗಳು ಆಗ ಡಿಗ್ರಿ ಓದುತ್ತಿದ್ದಳು, ಧ್ವನಿ ಸ್ಪಷ್ಟವಾಗಿದೆ. ಅವಳಿಂದ ದಿನಕ್ಕೆ ಎರಡು ಮೂರು ಅಧ್ಯಾಯ ಓದಿಸಿದೆ. ನಾನೇ ಓದಬಾರದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ಬರೆದವರು ಓದಿದರೆ ಸಡಿಲ ವಾಕ್ಯಕ್ಕೂ ಧ್ವನಿಯಲ್ಲಿ ಬಿಗಿ ತುಂಬಿಬಿಡುತ್ತಾರೆ ಮತ್ತು ಕೇಳುವವರು ಮುಖ ನೋಡಿ ಸುಮ್ಮನಾಗುತ್ತಾರೆ. ಕಾದಂಬರಿ ಯಾರದೆಂದು ಮೊದಲ ವಾರ ಹೇಳಲೂ ಇಲ್ಲ. ನಾನು ಇನ್ನೊಂದು ಪ್ರತಿ ಹಿಡಿದು ಹಿಂದೆ ಕುಳಿತು, ಸುಲಿಯುವವರು ತಮ್ಮತಮ್ಮಲ್ಲಿ ಮಾತು ಶುರುಮಾಡಿದ ಕಡೆಯೆಲ್ಲ ಅಂಚಿನಲ್ಲಿ ಗೆರೆ ಎಳೆಯುತ್ತಿದ್ದೆ. ಕತ್ತಿಯ ಸದ್ದು ನಿಧಾನವಾದ ಕಡೆ ಇನ್ನೊಂದು ಗುರುತು. ವಿಮರ್ಶಕರು ನಾಲ್ಕು ಪುಟದಲ್ಲಿ ಹೇಳುವುದನ್ನು ಈ ಎರಡು ಗುರುತುಗಳು ಹೇಳಿದವು. ಹಸ್ತಪ್ರತಿಯಿಂದ ಸುಮಾರು ನಲವತ್ತು ಪುಟಗಳನ್ನು ತೆಗೆದೆ, ಒಂದಕ್ಕೂ ನನಗೆ ಈಗ ವ್ಯಥೆಯಿಲ್ಲ.

ಕಾದಂಬರಿಯ ಬೆನ್ನೆಲುಬು 1974ರ ಭೂಸುಧಾರಣೆ. ತಿದ್ದುಪಡಿ ಕಾಯಿದೆ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿದಾರರು ತಾವು ಉಳುವ ಭೂಮಿ ತಮ್ಮದಾಗಲೆಂದು ಭೂ ನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಿದ್ದನ್ನು ಕಡತಗಳಿಂದ ಓದಿ ಬರೆದಿದ್ದೆ. ನಮ್ಮದು ಭೂಮಿ ಬಿಟ್ಟುಕೊಟ್ಟ ಮನೆ. ಸುಲಿಯಲು ಬರುವವರಲ್ಲಿ ಎಪ್ಪತ್ತು ದಾಟಿದ ಹಿರಿಯ ಹೆಂಗಸೊಬ್ಬರಿದ್ದಾರೆ, ಅವರದು ಭೂಮಿ ಪಡೆದ ಮನೆ. ನ್ಯಾಯಮಂಡಳಿಯ ಅಧ್ಯಾಯ ಓದಿದ ರಾತ್ರಿ ಅವರು ಕತ್ತಿ ಬಿಟ್ಟು, ಅಪ್ಪ ಡಿಕ್ಲರೇಶನ್ (ಆ ಅರ್ಜಿ) ಕೊಡಲು ಹೊರಟ ಬೆಳಿಗ್ಗೆ ಅವ್ವ ಒಡೆಯರ ಮನೆಯ ಕೊಟ್ಟಿಗೆ ಕೆಲಸಕ್ಕೆ ಎಂದಿನಂತೆಯೇ ಹೋಗಿದ್ದಳು, ಹೋಗದಿದ್ದರೆ ಅನುಮಾನ ಬರುತ್ತಿತ್ತು ಎಂದು ಹೇಳಿದರು. ಯಾವ ಕಡತದಲ್ಲಿಯೂ ಸಿಗದ ಆ ಒಂದು ಮಾತಿನಿಂದ ಅಧ್ಯಾಯವನ್ನು ಮೊದಲಿನಿಂದ ಕಟ್ಟಿದೆ, ಅವರ ಒಪ್ಪಿಗೆ ಪಡೆದು. ಇಡೀ ಪುಸ್ತಕದಲ್ಲಿ ಜನ ಹೆಚ್ಚು ಮಾತಾಡುವುದು ಆ ಅಧ್ಯಾಯದ ಬಗ್ಗೆಯೇ.

ನಮ್ಮ ಅತ್ತೆಯವರು ಇಂಥ ಓದಿಗೆ ಮೊದಲು ವಿರೋಧವಿದ್ದವರು. ಕಥೆಯ ಮಗಳು ಆಸ್ತಿಯ ಹಿಸ್ಸೆಗೆ ಸಹಿ ಹಾಕಲು ಒಪ್ಪುವ ಜಾಗದಲ್ಲಿ, "ತಂಗೀ, ಅದು ಅಷ್ಟು ಬೇಗ ಒಪ್ತಿಲ್ಲೆ" (ಅವಳು ಅಷ್ಟು ಬೇಗ ಒಪ್ಪುವುದಿಲ್ಲ) ಎಂದರು. ಆ ಒಪ್ಪಿಗೆಯನ್ನು ಮೂರು ಅಧ್ಯಾಯ ಮುಂದಕ್ಕೆ ತಳ್ಳಿದೆ. ಓದಿನಿಂದ ಸುಲಿತದ ಅಳತೆ ಇಳಿಯುತ್ತದೆ ಎಂದು ನನ್ನ ಯಜಮಾನರಿಗೆ ಆತಂಕವಿತ್ತು. ಅಳತೆ ಇಳಿಯಲಿಲ್ಲ, ಓದು ಇದ್ದ ರಾತ್ರಿಗಳಲ್ಲಿ ಜನ ಬೇಗ ಎದ್ದು ಹೋಗದೆ ಒಂದಿಷ್ಟು ಹೆಚ್ಚೇ ಆಯಿತು. ಇದನ್ನು ಅವರೇ ಲೆಕ್ಕದ ಪುಸ್ತಕ ತೆರೆದು ನನಗೆ ತೋರಿಸಿದರು.

ಇದರ ನಡುವೆ ಬೇರೆ ಒಂದೆರಡು ಪ್ರಯೋಗಗಳನ್ನೂ ಮಾಡಿದೆ. ಫೋನಿನ ಧ್ವನಿಯಿಂದ ಅಧ್ಯಾಯಗಳನ್ನು ಓದಿಸಿ ಕೇಳಿದೆ. ಬಿಟ್ಟುಹೋದ ಪದ, ಎರಡು ಸಲ ಬಂದ ಪದ ಇವನ್ನು ಯಂತ್ರದ ಓದು ಚೆನ್ನಾಗಿ ಹಿಡಿದುಕೊಡುತ್ತದೆ, ಏಕೆಂದರೆ ಅದು ಮನುಷ್ಯರಂತೆ ಊಹಿಸಿ ಓದುವುದಿಲ್ಲ. ಆದರೆ ಶಕಾರ ಷಕಾರದ ತಪ್ಪು ಕಿವಿಗೆ ಬೀಳುವುದಿಲ್ಲ, ನಮ್ಮ ಮನೆಮಾತಾದ ಹವ್ಯಕ ಕನ್ನಡದ ಸಂಭಾಷಣೆಯ ಏರಿಳಿತ ಅದಕ್ಕೆ ತಿಳಿಯುವುದೂ ಇಲ್ಲ. ಹೊಸದಾಗಿ ಬರೆಯಬೇಕಾಗಿದ್ದ ಪುಟಗಳನ್ನು ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಫೋನಿಗೆ ಹೇಳಿ ಬರೆಸಲು ನೋಡಿದೆ. ನಿರೂಪಣೆಯ ಗದ್ಯ ಪರವಾಗಿಲ್ಲ ಎನ್ನುವಂತೆ ಬಂದರೂ ಆಡುಮಾತನ್ನೆಲ್ಲ ಅದು ಗ್ರಂಥಸ್ಥ ರೂಪಕ್ಕೆ ತಿರುಗಿಸಿತು, ಅದನ್ನು ಮರಳಿ ತಿದ್ದುವ ಹೊತ್ತಿನಲ್ಲಿ ಕೈಯಿಂದಲೇ ಬರೆಯಬಹುದಿತ್ತು. ಆ ಪ್ರಯೋಗವನ್ನು ಕೈಬಿಟ್ಟೆ.

ಹೆಚ್ಚು ತೊಂದರೆ ಕೊಟ್ಟದ್ದು ಅಕ್ಷರ ಪರಿವರ್ತನೆ. ನಾನು ಯೂನಿಕೋಡ್‌ನಲ್ಲಿ ಬರೆಯುತ್ತೇನೆ, ಪುಟ ಕಟ್ಟುವವರು ಇನ್ನೂ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿಯೇ ಇದ್ದರು. ಪರಿವರ್ತಿಸಿದ ಮೊದಲ ಕರಡಿನಲ್ಲಿ ಉದ್ಧರಣ ಚಿಹ್ನೆಗಳು ಬೇರೆ ಅಕ್ಷರಗಳಾಗಿ ಕುಳಿತಿದ್ದವು, "ರ‍್ಯಾಂಕ್" ಎಂಬುದು "ರ್ಯಾಂಕ್" ಆಗಿತ್ತು, "ರಾಜ್‌ಕುಮಾರ್" ಎಂಬಲ್ಲಿ ಜಕಾರಕ್ಕೆ ಒತ್ತು ಸೇರಿ "ರಾಜ್ಕುಮಾರ್" ಆಗಿತ್ತು. ಅಕ್ಷರಗಳ ನಡುವೆ ಕಾಣದಂತಿರುವ ಜೋಡಕ ಮತ್ತು ಬಿಡಿಸುವ ಗುರುತುಗಳು ಪರಿವರ್ತನೆಯಲ್ಲಿ ಉದುರಿಹೋಗುವುದೇ ಇದಕ್ಕೆ ಕಾರಣ. ಇಂಗ್ಲಿಷ್ ಪದ, ಊರಿನ ಹೆಸರು, ಅರ್ಕಾವತ್ತು ಇರುವ ಪದಗಳ ಪಟ್ಟಿಯನ್ನು ಮೊದಲೇ ಮಾಡಿ, ಪರಿವರ್ತನೆಯಾದ ಕೂಡಲೇ ಆ ಪಟ್ಟಿಯನ್ನು ಹಿಡಿದು ಹುಡುಕಿ ಬದಲಿಸಿದರೆ ಮುಕ್ಕಾಲು ಪಾಲು ತಪ್ಪು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಉಳಿದ ಕಾಲು ಪಾಲಿಗೆ ಕಣ್ಣೇ ಗತಿ. ಕಡೆಯ ಕರಡಿಗೆ ನಾನು ಬಳಸಿದ ಇನ್ನೊಂದು ಉಪಾಯವಿದೆ. ಅದನ್ನು ಮುಂದಿನ ಪುಸ್ತಕದಲ್ಲಿಯೂ ಪರೀಕ್ಷಿಸುವವರೆಗೆ ಹೇಳುವುದಿಲ್ಲ.

ಕರಡು ನೋಡಲು ಹೊತ್ತು ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ಬೆಳಗಿನ ಐದಕ್ಕೆ ಬಚ್ಚಲೊಲೆಗೆ ಬೆಂಕಿ ಹಾಕಿದರೆ ಬಾಣಂತಿಯ ಎಣ್ಣೆ ಸ್ನಾನ, ಮಗುವಿನ ಸ್ನಾನ, ಪಥ್ಯದ ಅಡುಗೆ, ಕೊನೆ ಕೊಯ್ಯುವವರ ಆಸರಿ (ಚಹಾ ತಿಂಡಿ) ಎಲ್ಲ ಮುಗಿಯುವಾಗ ಹನ್ನೊಂದಾಗುತ್ತದೆ. ಅಲ್ಲಿಂದ ಒಂದರವರೆಗೆ ತಾಯಿಯೂ ಮಗುವೂ ಮಲಗುತ್ತಾರೆ, ಅವರ ಕೋಣೆಯಲ್ಲಿ ಸದ್ದು ಮಾಡುವ ಕೆಲಸ ಯಾವುದನ್ನೂ ಮಾಡುವಂತಿಲ್ಲ. ಕರಡು ತಿದ್ದುವುದು ಸದ್ದಿಲ್ಲದ ಕೆಲಸ. ಮಗು ಎದ್ದರೆ ಎತ್ತಿಕೊಳ್ಳಲು ನಾನು ಅಲ್ಲಿಯೇ ಇರುತ್ತೇನೆ ಎಂಬ ಧೈರ್ಯಕ್ಕೆ ಮಗಳು ನಿದ್ದೆ ಮಾಡಿದಳು, ನನಗೆ ದಿನಕ್ಕೆ ಒಂದು ಫಾರಂ ಮುಗಿಯಿತು. ಬೇರೆ ಮನೆ ಹಿಡಿದು ಏಕಾಂತದಲ್ಲಿ ಬರೆಯುವವರ ಬಗ್ಗೆ ನನಗೆ ಗೌರವವಿದೆ, ಆದರೆ ಬಾಣಂತಿ ಕೋಣೆಯಂಥ ಏಕಾಂತ ನನಗೆ ಬೇರೆಲ್ಲಿಯೂ ಸಿಕ್ಕಿಲ್ಲ.

ಡೆಮಿ 1/8 (ಕಾದಂಬರಿಗಳಿಗೆ ಸಾಮಾನ್ಯವಾದ ಪುಟದ ಗಾತ್ರ) ಅಳತೆಯಲ್ಲಿ ಪುಟ ಕಟ್ಟಿದಾಗ 279 ಪುಟಗಳಾದವು, ಅಂದರೆ ಹದಿನೆಂಟನೆಯ ಫಾರಂನಲ್ಲಿ ಏಳು ಪುಟ ಮಾತ್ರ ತುಂಬುತ್ತಿತ್ತು. ಮುನ್ನುಡಿಯನ್ನು ಪೂರ್ತಿ ತೆಗೆದು, ಅಧ್ಯಾಯದ ಕೊನೆಯಲ್ಲಿ ಒಂದೆರಡು ಸಾಲು ಮಾತ್ರ ಮುಂದಿನ ಪುಟಕ್ಕೆ ಜಾರಿದ ಕಡೆ ವಾಕ್ಯ ಬಿಗಿಮಾಡಿ, 272ಕ್ಕೆ ತಂದು ಹದಿನೇಳು ಫಾರಂನಲ್ಲಿ ಮುಗಿಸಿದೆ. 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಮ್ಯಾಪ್ಲಿಥೋ ಕಾಗದ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್, ಮ್ಯಾಟ್ ಲ್ಯಾಮಿನೇಶನ್. ಐನೂರು ಪ್ರತಿಗೆ ಮುದ್ರಣ ಮತ್ತು ಬೈಂಡಿಂಗ್ ಸೇರಿ ನಲವತ್ನಾಲ್ಕು ಸಾವಿರದ ಹತ್ತಿರ, ಡಿಟಿಪಿಗೆ ಏಳು ಸಾವಿರ, ಮುಖಪುಟಕ್ಕೆ ಮೂರು ಸಾವಿರ, ಓದಿದ ಹುಡುಗಿಗೆ ಎರಡು ಸಾವಿರ, ಸಾಗಣೆ ಮತ್ತು ಅಂಚೆ ಎಂದು ಎಂಟೊಂಬತ್ತು ಸಾವಿರ. ಎಲ್ಲ ಕೂಡಿ ಅರವತ್ತೈದು ಸಾವಿರದೊಳಗೆ. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ದುಡ್ಡಿಲ್ಲ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅರ್ಜಿಯನ್ನು ಮಾತ್ರ ಬಹಳ ಮೊದಲೇ ಹಾಕಿಟ್ಟಿದ್ದೆ, ಕಡೆಯ ಗಳಿಗೆಯಲ್ಲಿ ಅದು ಕೈಗೆ ಬರುವುದಿಲ್ಲ.

ಅಚ್ಚಿಗೆ ಮೊದಲೇ ಓದುಗರಿಂದ ಹಣ ಪಡೆಯುವ ಮುಂಗಡ ಚಂದಾ ಈಗ ನಡೆಯುವುದಿಲ್ಲ ಎಂದವರಿಗೆ ನಾನು ಧಾರವಾಡದ ಮನೋಹರ ಗ್ರಂಥಮಾಲೆಯನ್ನು ನೆನಪಿಸುತ್ತಿದ್ದೆ. 1933ರಲ್ಲಿ ಶುರುವಾದ ಆ ಸಂಸ್ಥೆ ಚಂದಾದಾರರನ್ನು ನೆಚ್ಚಿಯೇ ಕನ್ನಡಕ್ಕೆ ಕಾದಂಬರಿಗಳನ್ನು ಕೊಟ್ಟಿತು. ಅದಕ್ಕೂ ಮೊದಲು ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನನಗೆ ಹೊರುವ ಕಷ್ಟವಿರಲಿಲ್ಲ. ಮೊದಲ ಅಧ್ಯಾಯದ ಏಳೆಂಟು ನಿಮಿಷದ ಓದನ್ನು ಸುಲಿತದ ಅಂಗಳದಲ್ಲಿಯೇ ಧ್ವನಿಮುದ್ರಿಸಿ, ಹಿಂದೆ ಅಡಿಕೆ ಬೀಳುವ ಸದ್ದು ಇರುವಂತೆಯೇ, ವಾಟ್ಸಾಪಿನಲ್ಲಿ ಒಬ್ಬೊಬ್ಬರಿಗೂ ಹೆಸರು ಹಿಡಿದು ಕಳುಹಿಸಿದೆ. ಮುಖಬೆಲೆ 320, ಮುಂಗಡವಾಗಿ ಕೊಟ್ಟರೆ ಅಂಚೆ ಸೇರಿ 250. ಗುಂಪುಗಳಿಗೆ ಹಾಕಿದ ಪ್ರಕಟಣೆಗೆ ಹತ್ತು ಹದಿನೈದು ಮಂದಿಯೂ ಹಣ ಕಳುಹಿಸಲಿಲ್ಲ. ಹೆಸರು ಹಿಡಿದು ಕಳುಹಿಸಿದ ಧ್ವನಿಗೆ ಇನ್ನೂರಕ್ಕೂ ಹೆಚ್ಚು ಮಂದಿ ಕಳುಹಿಸಿದರು, ಬೆಂಗಳೂರು, ಪುಣೆ, ಅಮೆರಿಕದಲ್ಲಿರುವವರು ಊರಿನ ತಂದೆತಾಯಿಯರ ವಿಳಾಸ ಕೊಟ್ಟು ಎರಡೆರಡು ಪ್ರತಿ ಕೇಳಿದರು. ಆ ಹೆಸರುಗಳ ಪಟ್ಟಿಯನ್ನು ಹೇಗೆ ಕೂಡಿಸಿದೆ ಎಂಬುದು ನನ್ನಲ್ಲಿಯೇ ಇರಲಿ. ಐವತ್ತೇಳು ಸಾವಿರದಷ್ಟು ಅಚ್ಚಿಗೆ ಮೊದಲೇ ಬಂತು, ಸಾಲ ಮಾಡದೆ ಮುದ್ರಣಾಲಯಕ್ಕೆ ಅರ್ಧ ಮುಂಗಡ ಕೊಟ್ಟೆ.

ಕಟ್ಟುಗಳು ಬಂದ ದಿನ ಹತ್ತಿಪ್ಪತ್ತು ಪ್ರತಿಗಳಲ್ಲಿ ಒಂದು ಫಾರಂ ತಲೆಕೆಳಗಾಗಿ ಹೊಲಿಗೆಯಾಗಿತ್ತು. ಮನೆಯವರೆಲ್ಲ ಕುಳಿತು ಐನೂರನ್ನೂ ಪುಟ ತಿರುವಿ ನೋಡಿದ್ದರಿಂದ ಅವು ಓದುಗರಿಗೆ ಹೋಗಲಿಲ್ಲ. ಮುದ್ರಣಾಲಯದವರು ಬದಲಿಸಿಕೊಡಲು ಮೊದಲು ಒಪ್ಪಲಿಲ್ಲ. ಉಳಿದ ಹಣವನ್ನು ತಡೆಹಿಡಿದ ಮೇಲೆ ಒಪ್ಪಿದರು. ಪೂರ್ತಿ ಹಣವನ್ನು ಮೊದಲೇ ಕೊಡಬೇಡಿ.

ಬಿಡುಗಡೆಯನ್ನು ಮಗುವಿನ ತೊಟ್ಟಿಲ ಶಾಸ್ತ್ರದ ದಿನವೇ ಇಟ್ಟುಕೊಂಡೆವು. ಶುಭಕಾರ್ಯದಲ್ಲಿ ಪುಸ್ತಕದ ಮಾರಾಟವೇ ಎಂದು ಬಳಗದಲ್ಲಿ ಕೆಲವರು ಮುನಿಸಿಕೊಂಡರು, ನಗರದ ಸಭಾಂಗಣದಲ್ಲಿ ಮಾಡದಿದ್ದರೆ ಪತ್ರಿಕೆಯವರು ಬರುವುದಿಲ್ಲ ಎಂದು ಗೆಳತಿಯರು ಎಚ್ಚರಿಸಿದರು. ಪತ್ರಿಕೆಯವರು ಬರಲಿಲ್ಲ, ನಿಜ. ಸಭಾಂಗಣ, ಊಟ, ಅತಿಥಿಗಳ ಪ್ರಯಾಣ ಎಂದು ಹಿಂದಿನ ಪುಸ್ತಕಕ್ಕೆ ತಗುಲಿದ ಹದಿನೈದು ಸಾವಿರವೂ ತಗುಲಲಿಲ್ಲ. ನ್ಯಾಯಮಂಡಳಿಯ ಅಧ್ಯಾಯಕ್ಕೆ ಕಾರಣರಾದ ಹಿರಿಯರೇ ಪುಸ್ತಕ ಬಿಡುಗಡೆ ಮಾಡಿದರು. ಆ ದಿನ ಮತ್ತು ಮುಂದಿನ ಒಂದು ವಾರದಲ್ಲಿ ತೊಂಬತ್ತರಷ್ಟು ಪ್ರತಿಗಳು 280ರ ದರದಲ್ಲಿ ಹೋದವು, ಇಪ್ಪತ್ತೈದು ಸಾವಿರ ಬಂತು. ಖರ್ಚು ಕಳೆದು ಹದಿನೇಳು ಹದಿನೆಂಟು ಸಾವಿರ ಉಳಿದಿದೆ, ಮನೆಯಲ್ಲಿ ನೂರೈವತ್ತರಷ್ಟು ಪ್ರತಿಗಳಿವೆ. ಅವನ್ನು ಈ ಸಲ ಅಟ್ಟಕ್ಕೆ ಏರಿಸದೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಅಡಿಕೆ ಇಡುವಂತೆಯೇ, ಬಾಯಿ ಬಿಗಿದು ಇಟ್ಟಿದ್ದೇನೆ.

ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯಿದೆಯಂತೆ ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಮೂವತ್ತು ದಿನದೊಳಗೆ ಒಂದೊಂದು ಪ್ರತಿ ಕಳುಹಿಸಬೇಕು, ಸ್ವಂತ ಪ್ರಕಾಶನದವರು ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ಪುಸ್ತಕದ ತೂಕ ಮುನ್ನೂರು ಗ್ರಾಂ ಆಸುಪಾಸು. ನಾನು ಓದುಗರಿಗೆ ಕಳುಹಿಸುವಾಗ ಪುಸ್ತಕಗಳಿಗೆ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು, ಲಕೋಟೆ ಸೇರಿ ಒಂದಕ್ಕೆ ಮೂವತ್ತು ರೂಪಾಯಿಯ ಸುಮಾರಿಗೆ ಮುಗಿಯಿತು. 2024ರ ಡಿಸೆಂಬರಿನಲ್ಲಿ ಆ ಸೇವೆ ನಿಂತುಹೋದದ್ದರಿಂದ ಈಗ ಇದೇ ರೀತಿ ಮಾಡಹೊರಡುವವರು ನನ್ನ 250ರ ದರವನ್ನು ನಕಲು ಮಾಡಬಾರದು. ಅಂಚೆಯ ಖರ್ಚನ್ನು ಪುಸ್ತಕದ ಬೆಲೆಯಲ್ಲಿ ಸೇರಿಸದೆ ಬೇರೆಯಾಗಿಯೇ ಕೇಳುವುದು ಒಳ್ಳೆಯದು. ನಾಲ್ಕನೆಯ ಕಾದಂಬರಿಗೆ ನಾನು ಹಾಗೆಯೇ ಕೇಳುವವಳಿದ್ದೇನೆ.