ಕಾದಂಬರಿಯ ‘ಹುಚ್ಚಿ’ಯನ್ನು ಓದುವ ಬಗೆ

ಹಳೆಯ ಕಾದಂಬರಿಯೊಂದರಲ್ಲಿ ಹೆಣ್ಣಿಗೆ ಹುಚ್ಚು ಹಿಡಿಯಿತೆಂಬ ಮಾತು ಬಂದ ಕೂಡಲೇ ಅದು ಯಾವ ಕಾಯಿಲೆಯೆಂದು ಹುಡುಕಲು ಹೊರಡಬೇಡಿ. ಆ ಮಾತನ್ನು ಮೊದಲು ಆಡಿದವರು ಯಾರು, ಆಗ ಆಕೆ ಏನು ಮಾಡುತ್ತಿದ್ದಳು, ಎಲ್ಲರೂ ಅದನ್ನು ನಂಬಿದರೆ ಯಾರಿಗೆ ಅನುಕೂಲ ಎಂಬುದನ್ನು ಪುಟಸಂಖ್ಯೆಯೊಡನೆ ಬರೆದಿಟ್ಟುಕೊಳ್ಳಿ. ರೋಗದ ಹೆಸರು ಕಾಯಬಹುದು.

ಅಭ್ಯಾಸಕ್ಕೆ ಶಾರ್ಲೆಟ್ ಬ್ರಾಂಟೆಯ 1847ರ ಇಂಗ್ಲಿಷ್ ಕಾದಂಬರಿ ‘ಜೇನ್ ಐರ್’ ಒಳ್ಳೆಯದು. ಹುಚ್ಚಿಯೆಂದು ಗಂಡ ಮೇಲಂತಸ್ತಿನ ಕೋಣೆಯಲ್ಲಿ ಕೂಡಿಹಾಕಿದ ಬರ್ತಾಳಿಂದಲೇ ಓದು ಶುರುಮಾಡುವವರು ಹೆಚ್ಚು; ಆದರೆ ಹೊಡೆದ ಸೋದರನಂಟನಿಗೆ ತಿರುಗಿ ಬಿದ್ದ ಹತ್ತು ವರ್ಷದ ಜೇನ್‌ಳನ್ನೂ ಅವನ ಮನೆಯ ಕೆಲಸದವರು ಹುಚ್ಚುಬೆಕ್ಕಿಗೆ ಹೋಲಿಸಿ ಕೋಣೆಯೊಂದರಲ್ಲಿ ಕೂಡಿಹಾಕುತ್ತಾರೆ. ಈ ಎರಡು ಕೋಣೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ನಾಯಕಿಗೂ ಹುಚ್ಚಿಗೂ ನಡುವಿನ ಗೋಡೆ ಎಷ್ಟು ತೆಳುವೆಂಬುದು ಕಾಣುತ್ತದೆ. ಮುಂದೆ ಬರ್ತಾಳ ಮಾತುಗಳನ್ನು ಹುಡುಕಿ. ನಗು ಕೇಳಿಸುತ್ತದೆ, ಗೊಣಗು ಕೇಳಿಸುತ್ತದೆ. ಆಕೆ ಆಡಿದಳೆನ್ನಲಾದ ಮಾತು ಮಾತ್ರ ಆಕೆಯಿಂದ ಗಾಯಗೊಂಡ ಸೋದರನ ಬಾಯಿಂದಲೇ ನಮಗೆ ತಲುಪಬೇಕು. ಆಕೆಯ ಬದುಕಿನ ಕಥೆಯನ್ನು ಹೇಳುವವನು ಗಂಡ ರಾಚೆಸ್ಟರ್. ಮದುವೆಯಲ್ಲಿ ಆಕೆಯೊಡನೆ 30,000 ಪೌಂಡ್ ಪಡೆದವನು, ಈಗ ಜೇನ್‌ಳನ್ನು ಮದುವೆಯಾಗಬೇಕಾಗಿರುವವನು. ಅವನು ಹೇಳಿದ್ದೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಸಾಕ್ಷಿ ಅವನೊಬ್ಬನದೇ ಎಂಬುದನ್ನು ಮರೆಯಬಾರದು, ಅಷ್ಟೆ.

ಕಥೆಯ ಕಾಲದ ಕಾನೂನನ್ನೂ ತಿಳಿದುಕೊಳ್ಳಿ. ಇಂಗ್ಲೆಂಡಿನಲ್ಲಿ 1857ಕ್ಕೆ ಮೊದಲು ಪೂರ್ಣ ವಿಚ್ಛೇದನಕ್ಕೆ ಸಂಸತ್ತಿನ ಪ್ರತ್ಯೇಕ ಕಾಯ್ದೆಯೇ ಬೇಕಿತ್ತು, ಮತ್ತು ಗುಣವಾಗದ ಬುದ್ಧಿಭ್ರಮಣೆ ವಿಚ್ಛೇದನಕ್ಕೆ ಕಾರಣವಾದದ್ದು 1937ರಲ್ಲಿ. ರಾಚೆಸ್ಟರ್‌ನ ಬೀಗದ ಹಿಂದೆ ಈ ಕಾನೂನೂ ಇದೆ.

ಆಮೇಲೆ, ಬರ್ತಾಳ ಕಥೆಯನ್ನೇ ಮತ್ತೆ ಹೇಳುವ, ಜೀನ್ ರಿಸ್ 1966ರಲ್ಲಿ ಪ್ರಕಟಿಸಿದ ಕಾದಂಬರಿ ‘ವೈಡ್ ಸರ್ಗಾಸೊ ಸೀ’ಯನ್ನು ಎತ್ತಿಕೊಳ್ಳಿ. ಅಲ್ಲಿ ಆಕೆಯ ಹೆಸರು ಆಂಟೊನೆಟ್. ‘ಬರ್ತಾ’ ಎಂಬುದು ಗಂಡ ಅಂಟಿಸಿದ ಹೆಸರು. ನಿರೂಪಣೆ ಆಕೆಯಿಂದ ಗಂಡನಿಗೂ ಮರಳಿ ಆಕೆಗೂ ದಾಟುವ ಕಡೆಗಳಲ್ಲಿ ನಿಂತು, ಹೇಳುವವರು ಬದಲಾದಾಗ ಹುಚ್ಚಿನ ರೂಪ ಹೇಗೆ ಬದಲಾಗುತ್ತದೆಂದು ನೋಡಿ.

ಇಷ್ಟಾದ ಮೇಲೆ ಒಂದು ಎಚ್ಚರಿಕೆ. ಹುಚ್ಚೆಲ್ಲವೂ ಬಂಡಾಯವೇ ಎಂದುಕೊಳ್ಳುವುದು ನಮ್ಮ ಕಾಲದ ಓದುಗರಿಗೆ ಸುಲಭವಾಗಿ ಅಂಟುವ ಚಟ. ಸಿಲ್ವಿಯಾ ಪ್ಲಾತ್‌ಳ ‘ದಿ ಬೆಲ್ ಜಾರ್’ (1963) ಕಾದಂಬರಿಯ ಎಸ್ತರ್ ತಾನೇ ತನ್ನ ಕಥೆ ಹೇಳುತ್ತಾಳೆ. ಆಕೆಯ ಸಂಕಟ ನಿಜವಾದದ್ದು, ಮೊದಲು ಕೆಟ್ಟದಾಗಿ ಕೊಟ್ಟ ವಿದ್ಯುತ್ ಚಿಕಿತ್ಸೆ ಆಕೆಯನ್ನು ಬೆದರಿಸುತ್ತದೆ, ನಂಬಿಕೆಯ ವೈದ್ಯೆಯ ಕಣ್ಗಾವಲಿನಲ್ಲಿ ಕೊಟ್ಟದ್ದು ಹಗುರಾಗಿಸುತ್ತದೆ. ಆ ಸಂಕಟವನ್ನು ಬರಿಯ ರೂಪಕವಾಗಿಸಿದರೆ ಆಕೆಯ ನೋವಿಗೇ ಅನ್ಯಾಯ.

ಕಾಯಿಲೆ ಮತ್ತು ಹಣೆಪಟ್ಟಿ ಎರಡನ್ನೂ ಒಟ್ಟಿಗೆ ಹಿಡಿದು ಓದುವುದನ್ನು ಕಲಿಸುವ ಪುಸ್ತಕ ನಮ್ಮಲ್ಲೇ ಇದೆ: ತ್ರಿವೇಣಿಯವರ ‘ಶರಪಂಜರ’. ಪುಟ್ಟಣ್ಣ ಕಣಗಾಲರ 1971ರ ಚಿತ್ರವನ್ನು ನೋಡಿದವರೂ ಕಾದಂಬರಿಗೆ ಹಿಂತಿರುಗಬೇಕು. ಹೆರಿಗೆಯ ನಂತರ ನಾಯಕಿ ಕಾವೇರಿಗೆ ಬಂದದ್ದು ನಿಜವಾದ ಕಾಯಿಲೆ, ಅದು ವಾಸಿಯಾದದ್ದೂ ನಿಜ. ಗುಣವಾಗಿ ಮನೆಗೆ ಬಂದವಳನ್ನು ಮನೆಯವರೂ ನೆರೆಹೊರೆಯವರೂ ಅನುಮಾನದಿಂದ ಕಾಣುವ ಸನ್ನಿವೇಶಗಳನ್ನು ನಿಧಾನವಾಗಿ ಓದಿ. ಪ್ರತಿ ಸಲವೂ, ಬೇರೆ ಯಾರಾದರೂ ಇದನ್ನೇ ಮಾಡಿದ್ದರೆ ಏನೆನ್ನುತ್ತಿದ್ದರು ಎಂದು ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ಆಕೆ ಮತ್ತೆ ಆಸ್ಪತ್ರೆಯ ದಾರಿ ಹಿಡಿಯುವ ಹೊತ್ತಿಗೆ ಅಂಚು ತುಂಬಿಹೋಗಿರುತ್ತದೆ.