ಸೊನ್ನೆ ಕಳೆಯದೆ ಎಕ್ಸೆಲ್‌ನಿಂದ ಸಿಎಸ್‌ವಿ: ಕಾಲಂ ಫಾರ್ಮ್ಯಾಟ್ ಸ್ಕ್ರಿಪ್ಟ್‌ಗೂ ಗೊತ್ತಾಗಲಿ

ಉಡುಪಿ ಹತ್ತಿರದ ಒಂದು ಹಾಲಿನ ಸೊಸೈಟಿಯ ಲೆಕ್ಕದ ಶೀಟನ್ನು ಪೈಥಾನ್ ಸ್ಕ್ರಿಪ್ಟ್ ಬರೆದು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಅಕ್ಷರ-ಅಂಕಿಗಳ ಫೈಲ್) ಮಾಡಿಕೊಟ್ಟಿದ್ದೆ. ಮರುದಿನವೇ ಕಾರ್ಯದರ್ಶಿಯವರ ಫೋನ್: "ಮಾರಾಯ್ರೆ, ಸದಸ್ಯರ ನಂಬರೇ ತಾಳೆ ಆಗ್ತಾ ಇಲ್ಲ!" ನೋಡಿದರೆ 0047 ಇದ್ದದ್ದು 47 ಆಗಿದೆ. 0820 ಎಂದು ಶುರುವಾಗುವ ಫೋನ್ ನಂಬರಿನ ಸೊನ್ನೆಯೂ ಮಾಯ. ತಾರೀಕಿಗೆ 00:00:00 ಎಂಬ ಬಾಲ ಬೇರೆ.

ಆಗಿದ್ದಿಷ್ಟೇ. ಸೆಲ್‌ನ ಒಳಗೆ ಇರುವುದು ಬರೀ 47. ಅದನ್ನು 0047 ಎಂದು ತೋರಿಸುವುದು "0000" ಎಂಬ ಫಾರ್ಮ್ಯಾಟ್. ತಾರೀಕೂ ಹಾಗೆಯೇ: 2024ರ ಜನವರಿ 1 ಅಂದರೆ ಎಕ್ಸೆಲ್‌ಗೆ 45292 ಎಂಬ ಸಂಖ್ಯೆ. ನನ್ನ ಸ್ಕ್ರಿಪ್ಟ್ ಸೆಲ್‌ನ ಒಳಗಿನ ಮೌಲ್ಯವನ್ನು ಮಾತ್ರ ತಂದಿತ್ತು, ಫಾರ್ಮ್ಯಾಟನ್ನು ಕೇಳಿಯೇ ಇರಲಿಲ್ಲ.

ಮೊದಲು ಕಣ್ಣಿಂದ ನೋಡಿ. ಕಾಲಂ ಆರಿಸಿ ಕಂಟ್ರೋಲ್ ಜೊತೆ 1 ಒತ್ತಿ, ಕಸ್ಟಮ್‌ಗೆ ಹೋದರೆ ಫಾರ್ಮ್ಯಾಟ್ ಕಾಣುತ್ತದೆ. "@" ಇದ್ದರೆ ಅದು ಟೆಕ್ಸ್ಟ್.

ಇನ್ನು ಸ್ಕ್ರಿಪ್ಟ್. ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಎಕ್ಸೆಲ್ ಓದಿದರೆ ಮೌಲ್ಯ ಮಾತ್ರ ಸಿಗುತ್ತದೆ. ಹಾಗಾಗಿ ಓಪನ್‌ಪೈಎಕ್ಸೆಲ್ (openpyxl) ಎಂಬ ಇನ್ನೊಂದು ಲೈಬ್ರರಿ ಬಳಸಿ. ಅದರಲ್ಲಿ ಪ್ರತಿ ಸೆಲ್‌ಗೂ ನಂಬರ್ ಫಾರ್ಮ್ಯಾಟ್ ಎಂಬ ಗುಣ ಇದೆ. ತಲೆಬರಹದ ಕೆಳಗಿನ ಒಂದು ಸೆಲ್ ನೋಡಿ ಇಡೀ ಕಾಲಂ ಹೀಗೇ ಅಂದುಕೊಳ್ಳಬೇಡಿ. ಫಾರ್ಮ್ಯಾಟ್ ಇರುವುದು ಸೆಲ್ ಸೆಲ್‌ಗೆ. ಯಾರೋ ನಡುವೆ ನಾಲ್ಕು ಸಾಲು ಪೇಸ್ಟ್ ಮಾಡಿದ್ದರೆ ಅಲ್ಲಿ "ಜನರಲ್" ಎಂಬ ಮಾಮೂಲಿ ಫಾರ್ಮ್ಯಾಟ್ ಇರಬಹುದು. ಕಾಲಂ ಪೂರ್ತಿ ಓದಿ, ಯಾವ ಫಾರ್ಮ್ಯಾಟ್ ಎಷ್ಟು ಸಲ ಇದೆ ಎಂದು ಎಣಿಸಿ. ಎರಡು ಸಿಕ್ಕರೆ ಸ್ಕ್ರಿಪ್ಟ್ ನಿಂತು ಸಾಲಿನ ನಂಬರ್ ಹೇಳಲಿ.

ಸಿಕ್ಕಿದ್ದನ್ನು ಒಂದು ಚಿಕ್ಕ ಫೈಲ್‌ನಲ್ಲಿ ಬರೆದಿಡಿ: ಕಾಲಂ ಹೆಸರು, ಫಾರ್ಮ್ಯಾಟ್, ಬಗೆ. ಸಿಎಸ್‌ವಿ ಜೊತೆ ಇದನ್ನೂ ಕಳಿಸಿ. ಸಿಎಸ್‌ವಿಯಲ್ಲಿ ಇಂಥ ವಿವರಕ್ಕೆ ಜಾಗವೇ ಇಲ್ಲ, ಅಲ್ವಾ?

ಆಮೇಲೆ ಆ ಪಟ್ಟಿ ನೋಡಿಕೊಂಡೇ ಎಕ್ಸ್‌ಪೋರ್ಟ್ ಮಾಡಿ. "0000" ಇದ್ದಲ್ಲಿ ನಾಲ್ಕು ಅಂಕಿ ಆಗುವಷ್ಟು ಎಡಕ್ಕೆ ಸೊನ್ನೆ ತುಂಬಿ. ತಾರೀಕನ್ನು 2024-01-01 ಎಂದೇ ಬರೆಯಿರಿ. 05-06 ಎಂದರೆ ಜೂನ್ 5 ಅಂತಲೂ ಓದಬಹುದು, ಮೇ 6 ಅಂತಲೂ ಓದಬಹುದು. ಫ್ಯಾಟ್ (ಹಾಲಿನ ಕೊಬ್ಬಿನಂಶ) ಕಾಲಂನಲ್ಲಿ ಮಾತ್ರ ಹುಷಾರು. "0.0" ಫಾರ್ಮ್ಯಾಟ್‌ನಲ್ಲಿ 3.5 ಎಂದು ಕಂಡರೂ ಒಳಗೆ 3.46 ಇರಬಹುದು. ಹಾಲಿನ ರೇಟ್ ನಿಂತಿರುವುದೇ ಅದರ ಮೇಲೆ. ಅಲ್ಲಿ ಒಳಗಿನ ಮೌಲ್ಯವನ್ನೇ ಕಳಿಸಿ. ಕಾಣುವ ಹಾಗೆ ಕಳಿಸಿದರೆ ಹಾಲು ಹಾಕಿದವರ ದುಡ್ಡಿನ ಲೆಕ್ಕ ತಪ್ಪುತ್ತದೆ.

ಬ್ಯಾಂಕ್ ಖಾತೆ ನಂಬರಿನದು ಬೇರೆಯೇ ಕಥೆ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆಯನ್ನು ಸುಮ್ನೆ ಟೈಪ್ ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗಿ ಬಿಡುತ್ತದೆ. ಯಾವ ಫಾರ್ಮ್ಯಾಟ್ ಹಾಕಿದರೂ ಅದು ವಾಪಸ್ ಬರುವುದಿಲ್ಲ. ಕಾಲಂಗೆ ಮೊದಲೇ ಟೆಕ್ಸ್ಟ್ ಕೊಟ್ಟು, ಪಾಸ್‌ಬುಕ್ ನೋಡಿ ಮತ್ತೆ ಟೈಪ್ ಮಾಡಬೇಕು.

ಫೈಲ್ ಪಡೆದವರಿಗೂ ಒಂದು ಮಾತು ಹೇಳಿಡಿ. ಸಿಎಸ್‌ವಿ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಮತ್ತೆ ಸೊನ್ನೆ ನುಂಗುತ್ತದೆ. ಡೇಟಾ ಟ್ಯಾಬ್‌ನಿಂದ ತೆಗೆದುಕೊಂಡು, ಸದಸ್ಯರ ನಂಬರ್, ಫೋನ್, ಖಾತೆ ಈ ಮೂರಕ್ಕೂ ಟೆಕ್ಸ್ಟ್ ಆರಿಸಲಿ.