ಕ್ರೋಮ್‌ನಲ್ಲಿ ಬರ್ತಿದೆ, ಪ್ರೋಗ್ರಾಂನಲ್ಲಿ ಮಾತ್ರ ಬರ್ತಿಲ್ಲ

ಕಾಫಿ ಕೊಯ್ಲಿನ ಕಾಲದ ಶನಿವಾರ ಅಂದ್ರೆ ಬಟವಾಡೆ ದಿನ. ಅವತ್ತು ಬೆಳಿಗ್ಗೆ ನನ್ನ ಕಂಪ್ಯೂಟರ್ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲೇ ಆಲ್ದೂರಿನ ಆಚೆಯ ತೋಟವೊಂದರ ಲೆಕ್ಕ ಬರೆಯುವ ರೈಟರ ಫೋನು.

"ಸಾರ್, ಕಂಪ್ಯೂಟರು ಸರ್ಟಿಫಿಕೇಟ್ ಕೇಳ್ತಿದೆ. ಪಹಣಿ ಸ್ಕ್ಯಾನ್ ಮಾಡಿ ಹಾಕ್ಲಾ?"

ನಗು ಬಂತು, ತಡ್ಕೊಂಡೆ. ಅವರ ತಪ್ಪೇನಿಲ್ಲ, ತಾಲ್ಲೂಕು ಆಫೀಸು ಅಲೆದವರಿಗೆ ಸರ್ಟಿಫಿಕೇಟ್ ಅಂದ್ರೆ ಅದೇ ತಾನೆ ನೆನಪಾಗೋದು. "ಪಹಣಿ ಬೇಡ ರೈಟ್ರೇ, ಮೂಲೇಲಿ ತಾರೀಕು ಎಷ್ಟಿದೆ ನೋಡಿ" ಅಂದೆ.

ಕಂಪ್ಯೂಟರ್ ಕೇಳುವ ಸರ್ಟಿಫಿಕೇಟ್ ಅಂದ್ರೆ, 'ನಾನೇ ಆ ಸರ್ವರ್' ಅಂತ ಸರ್ವರ್ ತೋರಿಸುವ, ಅವಧಿ ಬರೆದಿರುವ ಗುರುತಿನ ಚೀಟಿ. ಹಾಗಾಗಿ ನಾನು ಮೊದಲು ಕೇಳೋದು ಯಾವಾಗಲೂ ತಾರೀಕನ್ನೇ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಎರಡು ಮೂರು ದಿನ ಬರದೇ ಇರೋದು ಹೊಸದಲ್ಲ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ, ಸಿಆರ್ 2032, ಸತ್ತಿದ್ದರೆ ಕರೆಂಟು ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತೆ. ಆ ಕಂಪ್ಯೂಟರಿನ ಲೆಕ್ಕದಲ್ಲಿ ಜಗತ್ತಿನ ಸರ್ಟಿಫಿಕೇಟುಗಳೆಲ್ಲ ಇನ್ನೂ ಹುಟ್ಟೇ ಇಲ್ಲ. ತಾನಾಗೇ ಸರಿಹೋಗಲಿ ಅಂತ ಕಾದರೂ ಆಗೋದಿಲ್ಲ. ವ್ಯತ್ಯಾಸ 15 ಗಂಟೆ ಮೀರಿದರೆ ವಿಂಡೋಸ್ ತಾನಾಗಿ ಗಡಿಯಾರ ತಿದ್ದೋದಿಲ್ಲ. ಕೈಯಲ್ಲೇ ಸರಿಮಾಡಿ, ಬ್ಯಾಟರಿ ಬದಲಿಸಬೇಕು. ಇಷ್ಟರಲ್ಲೇ ಮುಗಿದುಹೋದ ಕೇಸುಗಳು ಬೇಕಾದಷ್ಟಿವೆ.

ಆದರೆ ಅವತ್ತು ತಾರೀಕು ಸರಿಯಾಗೇ ಇತ್ತು. "ಗೂಗಲ್ ಬರುತ್ತೆ ಸಾರ್. ಪ್ರೋಗ್ರಾಂ ಕೊಟ್ಟ ಕಂಪನಿಯ ಸರ್ವರ್ ಅಡ್ರೆಸ್ಸೂ ಕ್ರೋಮ್‌ನಲ್ಲಿ ಬರುತ್ತೆ, ಏನೂ ತಕರಾರಿಲ್ಲ. ನಮ್ಮ ಪ್ರೋಗ್ರಾಂ ಮಾತ್ರ ಆಗಲ್ಲ ಅಂತಿದೆ." ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು ಅನ್ನೋ ಲೆಕ್ಕ ದಿನಾ ಟ್ಯಾಬ್‌ನಿಂದ ಸರ್ವರಿಗೆ ಹೋಗಿರುತ್ತೆ. ವಾರದ ಕೊನೆಗೆ ಆಫೀಸಿನ ಪ್ರೋಗ್ರಾಂ ಅದನ್ನ ಇಳಿಸಿಕೊಂಡರೇ ಬಟವಾಡೆ ಪಟ್ಟಿ. ಲೈನಿನವರು, ಅಂದ್ರೆ ತೋಟದ ಆಳುಗಳು, ಮಧ್ಯಾಹ್ನ ಮೂರಕ್ಕೆ ಬಂದು ನಿಲ್ಲುತ್ತಾರೆ. ಬೈಕ್ ಹತ್ತಿದೆ.

ಹೋಗಿ ನೋಡಿದರೆ ಜಾವಾದ ಮೇಲೆ ಓಡುವ ಪ್ರೋಗ್ರಾಂ. ಪರದೆ ತುಂಬ ಕೆಂಪು ಸಾಲು, ಕೊನೆಯಲ್ಲಿ 'ಅನೇಬಲ್ ಟು ಫೈಂಡ್ ವ್ಯಾಲಿಡ್ ಸರ್ಟಿಫಿಕೇಶನ್ ಪಾತ್'. ಎಷ್ಟೋ ಜನ ಈ ಸಾಲು ಓದೋದೇ ಇಲ್ಲ, ಎರರ್ ಬಂತು ಅಂತಾರೆ ಅಷ್ಟೆ. ಅದು ಹೇಳಬೇಕಾದ್ದನ್ನ ಹೇಳಿಬಿಟ್ಟಿದೆ. ಸರ್ಟಿಫಿಕೇಟ್ ಬಂದಿದೆ, ಆದರೆ ಅದಕ್ಕೆ ಸಹಿ ಹಾಕಿದವರಿಂದ ನಾನು ನಂಬುವ ಮೂಲದವರೆಗೆ ದಾರಿ ಸಿಗ್ತಿಲ್ಲ ಅಂತ.

ಲ್ಯಾಪ್‌ಟಾಪನ್ನ ಫೋನಿನ ನೆಟ್ಟಿಗೆ ಹಾಕಿ, ಸರ್ಟಿಫಿಕೇಟ್ ಪರೀಕ್ಷಿಸುವ ಸಾಧನ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಕಮಾಂಡಿಗೆ ಆ ಅಡ್ರೆಸ್ಸು, 443 ಪೋರ್ಟು, ಜೊತೆಗೆ ಶೋಸರ್ಟ್ಸ್ ಕೊಟ್ಟೆ. ಸರ್ವರ್ ಕಳಿಸಿದ ಸರ್ಟಿಫಿಕೇಟುಗಳನ್ನೆಲ್ಲ ಅದು ಸಾಲಾಗಿ ತೋರಿಸುತ್ತೆ. ಸೊನ್ನೆ ನಂಬರಿನದು ಸರ್ವರಿನದ್ದು, ಒಂದನೆಯದು ಅದಕ್ಕೆ ಸಹಿ ಹಾಕಿದ ಇಂಟರ್‌ಮೀಡಿಯೆಟ್, ಅಂದ್ರೆ ಸರ್ವರಿನದ್ದಕ್ಕೂ ಮೂಲಕ್ಕೂ ನಡುವಿನ ಕೊಂಡಿ. ಇಲ್ಲಿ ಇದ್ದದ್ದು ಸೊನ್ನೆ ಮಾತ್ರ. ಕೆಳಗೆ ವೆರಿಫೈ ರಿಟರ್ನ್ ಕೋಡ್ 21, ಮೊದಲ ಸರ್ಟಿಫಿಕೇಟನ್ನೇ ತಾಳೆ ನೋಡಲಾಗಲಿಲ್ಲ ಅಂತ. ಸರ್ಟಿಫಿಕೇಟ್ ಶುರುವಾದ ತಾರೀಕು ನೋಡಿದೆ, ಹಿಂದಿನ ದಿನದ್ದು. ಅಲ್ಲಿಗೆ ಗೊತ್ತಾಯ್ತು. ಶುಕ್ರವಾರ ಯಾರೋ ಸರ್ಟಿಫಿಕೇಟ್ ನವೀಕರಿಸಿದ್ದಾರೆ, ನಡುವಿನ ಕೊಂಡಿಯೂ ಇರುವ ಫುಲ್‌ಚೈನ್ ಫೈಲ್ ಹಾಕುವ ಕಡೆ ಬರೀ ಸರ್ಟ್ ಫೈಲ್ ಹಾಕಿ ಮನೆಗೆ ಹೋಗಿದ್ದಾರೆ.

ಮತ್ತೆ ಕ್ರೋಮ್‌ನಲ್ಲಿ ಹೇಗೆ ಬಂತು? ನಡುವಿನ ಕೊಂಡಿ ಎಲ್ಲಿ ಸಿಗುತ್ತೆ ಅನ್ನೋ ವಿಳಾಸ ಸರ್ಟಿಫಿಕೇಟಿನೊಳಗೇ ಇರುತ್ತೆ. ಕ್ರೋಮ್ ಅಲ್ಲಿಗೆ ಹೋಗಿ ತಾನೇ ತಂದುಕೊಳ್ಳುತ್ತೆ. ಫೈರ್‌ಫಾಕ್ಸ್ ಗೊತ್ತಿರುವ ಇಂಟರ್‌ಮೀಡಿಯೆಟ್‌ಗಳನ್ನ ಮೊದಲೇ ಇಟ್ಟುಕೊಂಡಿರುತ್ತೆ. ಜಾವಾಗೆ ಹೇಳದಿದ್ದರೆ ಆ ಉಸಾಬರಿಗೆ ಹೋಗೋದಿಲ್ಲ. ಹಾಗಾಗಿ 'ಬ್ರೌಸರ್‌ನಲ್ಲಿ ಬರ್ತಿದೆ' ಅನ್ನೋ ಸಾಕ್ಷಿಯನ್ನ ನಾನು ಈಗ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಪಾಪ, ಆ ಕಂಪನಿಯವರೂ ಫೋನಿನಲ್ಲಿ ಅದನ್ನೇ ಅಂದ್ರು: "ನಮ್ಮಲ್ಲಿ ಓಪನ್ ಆಗ್ತಿದೆಯಲ್ಲ ಸಾರ್." ಸರ್ವರ್ ನೋಡಿಕೊಳ್ಳುವ ಹುಡುಗ ರಜೆ, ಸೋಮವಾರ ನೋಡ್ತಾರಂತೆ.

ಪ್ರೋಗ್ರಾಂನ ಸೆಟ್ಟಿಂಗ್ಸ್‌ನಲ್ಲಿ 'ವೆರಿಫೈ ಎಸ್‌ಎಸ್‌ಎಲ್' ಅಂತ ಒಂದು ಟಿಕ್ ಇತ್ತು. ತೆಗೆದರೆ ಎರಡೇ ಸೆಕೆಂಡಿನ ಕೆಲಸ, ಪಟ್ಟಿ ಬಂದುಬಿಡ್ತಿತ್ತು. ಆದರೆ ಆ ಫೈಲಿನಲ್ಲಿ ಹೋಗಿಬರೋದು ಆಳುಗಳ ಆಧಾರ್ ನಂಬರು, ಬ್ಯಾಂಕ್ ಖಾತೆ. ತೋಟದಲ್ಲಿ ಹೋಂಸ್ಟೇ ಬೇರೆ ಇದೆ. ವಾರಾಂತ್ಯಕ್ಕೆ ಬಂದವರಿಗೆಲ್ಲ ಆಫೀಸಿನದ್ದೇ ವೈಫೈ, ಪಾಸ್‌ವರ್ಡು ಊಟದ ಮೇಜಿನ ಮೇಲೆ ಅಂಟಿಸಿದೆ. ಅವರಲ್ಲಿ ಒಬ್ಬ ನಡುವೆ ಕೂತು ತಾನೇ ಸರ್ವರ್ ಅಂದರೆ, ಟಿಕ್ ತೆಗೆದ ಪ್ರೋಗ್ರಾಂ ಎಲ್ಲವನ್ನೂ ಅವನ ಕೈಗೇ ಕೊಡುತ್ತೆ.

ಬೇರೆ ದಾರಿ ಹಿಡಿದೆ. ಕಾಣೆಯಾದ ಇಂಟರ್‌ಮೀಡಿಯೆಟನ್ನ, ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಯ ಸೈಟಿನಿಂದಲೇ ಇಳಿಸಿ, ಜಾವಾದ ಕೀಟೂಲ್ ಅನ್ನೋ ಸಾಧನದಿಂದ, ಅದು ನಂಬುವವರ ಪಟ್ಟಿಯಾದ ಸಿಎಸರ್ಟ್ಸ್ ಫೈಲಿಗೆ ಸೇರಿಸಿದೆ. ಆ ಫೈಲಿನ ಮೂಲ ಪಾಸ್‌ವರ್ಡು 'ಚೇಂಜ್‌ಇಟ್'. ಬದಲಿಸು ಅಂತ ಹೆಸರಿದ್ದರೂ ಬದಲಿಸಿದವರನ್ನ ನಾನು ಕಂಡಿಲ್ಲ. ಪ್ರೋಗ್ರಾಂ ಶುರುಮಾಡಿದೆ. ಮತ್ತೆ ಅದೇ ಕೆಂಪು ಸಾಲು. ಇನ್ನೊಮ್ಮೆ ಸೇರಿಸಲು ಹೋದರೆ, ಆ ಹೆಸರಿನದು ಆಗಲೇ ಇದೆ ಅಂತು. ಅರ್ಧ ಗಂಟೆ ತಲೆ ಕೆರ್ಕೊಂಡೆ. ರೈಟರು ಎರಡನೇ ಲೋಟ ಕಾಫಿ ತಂದಿಟ್ಟು, ಗಡಿಯಾರ ನೋಡಿ, ಏನೂ ಹೇಳದೆ ಹೋದರು. ಆಮೇಲೆ ಹೊಳೀತು: ಆ ಪ್ರೋಗ್ರಾಂ ತನ್ನ ಫೋಲ್ಡರಿನಲ್ಲೇ ಬೇರೊಂದು ಜಾವಾ ಇಟ್ಟುಕೊಂಡಿದೆ. ನಾನು ಸೇರಿಸಿದ್ದು ಯಾರೂ ಬಳಸದ ಜಾವಾಕ್ಕೆ. ಒಳಗಿನದಕ್ಕೆ ಸೇರಿಸಿದ ಮೇಲೆ ಒಂದೂ ಮುಕ್ಕಾಲಿಗೆ ಪಟ್ಟಿ ಇಳೀತು.

ಇದು ತೇಪೆ, ರಿಪೇರಿ ಅಲ್ಲ. ಮುಂದಿನ ನವೀಕರಣದಲ್ಲಿ ಇಂಟರ್‌ಮೀಡಿಯೆಟ್ ಬದಲಾದರೆ ಮತ್ತೆ ಅದೇ ಪಾಡು. ಸೋಮವಾರ ಆ ಹುಡುಗ ಫುಲ್‌ಚೈನ್ ಹಾಕಿದ ಮೇಲೆ ನಾನು ಸೇರಿಸಿದ್ದನ್ನ ತೆಗೆದೆ. ಕೈಯಲ್ಲಿ ಸರ್ಟಿಫಿಕೇಟ್ ಹಾಕೋದು ಬಿಟ್ಟು ಕೆಲಸ ಆಟೊಮ್ಯಾಟಿಕ್ ಮಾಡಿ ಅಂತಲೂ ಹೇಳಿದೆ. ಸರ್ಟಿಫಿಕೇಟುಗಳ ಗರಿಷ್ಠ ಆಯಸ್ಸು 2026ರ ಮಾರ್ಚ್ 15ರಿಂದ 200 ದಿನ, 2027ರಿಂದ 100, 2029ರಿಂದ 47 ಅಂತ ನಿಗದಿಯಾಗಿದೆ. ವರ್ಷಕ್ಕೊಮ್ಮೆ ಮಾಡಿದ ತಪ್ಪನ್ನ ಆಗ ವರ್ಷಕ್ಕೆ ಎಂಟು ಸಲ ಮಾಡಬೇಕಾಗುತ್ತೆ.

ಇನ್ನು ಇಮೇಲ್‌ನಲ್ಲಿ ಬರುವ ಸರ್ಟಿಫಿಕೇಟ್ ತಕರಾರು ಬಹುಪಾಲು ಹೆಸರಿನದ್ದು. ಸೆಟ್ಟಿಂಗ್ಸ್‌ನಲ್ಲಿ ತೋಟದ ಡೊಮೈನ್ ಇರುತ್ತೆ, ಸರ್ಟಿಫಿಕೇಟ್ ಹೋಸ್ಟಿಂಗ್‌ನವರ ಸರ್ವರ್ ಹೆಸರಿನಲ್ಲಿರುತ್ತೆ. ಅವರ ಹೆಸರನ್ನೇ ಹಾಕಿದರೆ ಸರಿ. ಸಹಿ ಹಾಕಿದವರ ಜಾಗದಲ್ಲಿ ಆಂಟಿವೈರಸ್ಸಿನ ಹೆಸರು ಕಂಡರೆ, ಅದು ನಡುವೆ ಕೂತು ಬಿಚ್ಚಿ ಓದ್ತಿದೆ ಅಂತ ಅರ್ಥ. ಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್ ನಂಬುವವರ ಪಟ್ಟಿಯನ್ನ ತನ್ನದೇ ಇಟ್ಟುಕೊಂಡಿರೋದರಿಂದ ತಕರಾರು ತೆಗೆಯುತ್ತೆ. 2021ರ ಸೆಪ್ಟೆಂಬರ್ 30ರದ್ದು ಬೇರೆಯೇ ಕತೆ. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆಸರೆ ಪಡೆದಿದ್ದ ಹಳೇ ಮೂಲ ಸರ್ಟಿಫಿಕೇಟ್ ಅವತ್ತು ಅವಧಿ ಮುಗಿಸಿತು. ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರ ಹಳೇ ಲಿನಕ್ಸ್ ಯಂತ್ರದಲ್ಲಿ ಓಪನ್‌ಎಸ್‌ಎಸ್‌ಎಲ್ 1.0.2 ಇತ್ತು. ಹೊಸ ಮೂಲ ಅಲ್ಲೇ ಇದ್ದರೂ ಅದು ಸತ್ತ ದಾರಿಯನ್ನೇ ಹಿಡಿದು ಹೋಗ್ತಿತ್ತು. ಹಳೇ ಮೂಲವನ್ನ ಪಟ್ಟಿಯಿಂದ ತೆಗೆದು ಹಾಕಿದ್ದೇ ಔಷಧ.

ಆ ಟಿಕ್‌ನ ವಿಷಯದಲ್ಲಿ ನಾನೇನು ಸಾಚಾ ಅಲ್ಲ. ಎರಡು ವರ್ಷ ಹಿಂದೆ ಮೂಡಿಗೆರೆ ಕಡೆಯ ಇನ್ನೊಂದು ತೋಟದಲ್ಲಿ, ಇಂಥದ್ದೇ ಬಟವಾಡೆ ಗಡಿಬಿಡಿಯಲ್ಲಿ, 'ಆಮೇಲೆ ಹಾಕೋಣ' ಅಂತ ತೆಗೆದಿದ್ದೆ. ಆಲ್ದೂರಿನಿಂದ ವಾಪಸ್ ಬರುವಾಗ ಅದು ನೆನಪಾಗಿ ಮೈ ಬೆವರಿತು. ಮಂಗಳವಾರ ಹೋಗಿ ಟಿಕ್ ಹಾಕಿದೆ. ಪ್ರೋಗ್ರಾಂ ತಕ್ಷಣ ನಿಂತಿತು. ಆ ಸರ್ವರಿನ ಸರ್ಟಿಫಿಕೇಟ್ ಅವಧಿ ಮುಗಿದು ಎಂಟು ತಿಂಗಳಾಗಿತ್ತು, ಆ ಕಂಪನಿಗೂ ಗೊತ್ತಿರಲಿಲ್ಲ.